ಗಾಳಿಯ ಸಾರ, ಬೇರಿನ ಗಂಟು: ಹದಡಿ ಪರಿಸರದ ಅಕ್ಕಡಿ ಬೇಸಾಯ ಮತ್ತು ಸಾರಜನಕ ಸ್ಥಿರೀಕರಣ

ಕರ್ನಾಟಕದ ಜಾನಪದ ಅಧ್ಯಯನದಲ್ಲಿ ಕೃಷಿಗೆ ಸಂಬಂಧಿಸಿದ ಸಂಗ್ರಹಕಾರ್ಯ ವಿಪುಲವಾಗಿ ನಡೆದಿದೆ. ಮಳೆ ನಕ್ಷತ್ರಗಳ ಗಾದೆಗಳು, ಬಿತ್ತನೆಯ ಹಾಡುಗಳು, ಕೂರಿಗೆ ಪೂಜೆ, ಕಣದ ಆಚರಣೆ, ಸೀಗೆ ಹುಣ್ಣಿಮೆ ಇವೆಲ್ಲವೂ ದಾಖಲಾಗಿವೆ, ವರ್ಗೀಕರಣಕ್ಕೂ ಒಳಗಾಗಿವೆ. ಆದರೆ ಆಚರಣೆ ನಡೆಯುವ ಹೊಲದ ಮಣ್ಣಿನೊಳಗೆ ಏನು ಜರುಗುತ್ತದೆ ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರು ಬಹುಮಟ್ಟಿಗೆ ಕೃಷಿ ವಿಜ್ಞಾನಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಕೃಷಿ ವಿಜ್ಞಾನಿಗಳು ಆಚರಣೆಯನ್ನು ಜಾನಪದಕ್ಕೆ ಬಿಟ್ಟಿದ್ದಾರೆ. ಈ ಹಂಚಿಕೆಯಲ್ಲಿ ಎರಡು ಕಡೆಯವರ ಕೈಗೂ ಸಿಗದೆ ಉಳಿದ ವಸ್ತುಗಳು ಕೆಲವಿವೆ. ತೊಗರಿ, ಅವರೆ, ಅಲಸಂದೆ, ಹುರುಳಿಗಳ ಬೇರಿನಲ್ಲಿ ಕಾಣುವ ಸಣ್ಣ ಗಂಟು ಅಂಥವುಗಳಲ್ಲಿ ಒಂದು. ಆ ಗಂಟಿನೊಳಗಿರುವ ಬ್ಯಾಕ್ಟೀರಿಯಗಳು ಗಾಳಿಯಲ್ಲಿರುವ ಸಾರಜನಕವನ್ನು ಅಮೋನಿಯವಾಗಿ ಪರಿವರ್ತಿಸುವ ಬಗೆಯನ್ನೂ, ಆ ಪರಿವರ್ತನೆಯ ಷರತ್ತುಗಳಿಗೂ ಬಯಲುಸೀಮೆಯ ಅಕ್ಕಡಿ ಬೇಸಾಯಕ್ಕೂ ಇರುವ ಸಂಬಂಧವನ್ನೂ ಪ್ರಸ್ತುತ ಪ್ರಬಂಧವು ಹದಡಿ ಪರಿಸರವನ್ನು ನೆಲೆಯಾಗಿಟ್ಟುಕೊಂಡು ವಿವರಿಸುತ್ತದೆ.

ಹದಡಿ ದಾವಣಗೆರೆ ತಾಲ್ಲೂಕಿನ ಗ್ರಾಮ. ದಾವಣಗೆರೆ ನಗರದಿಂದ ದಕ್ಷಿಣಕ್ಕೆ ಹೊರಡುವ ಹದಡಿ ರಸ್ತೆಗೆ ಈ ಊರಿನ ಹೆಸರೇ ಉಳಿದಿದೆ. ಎರೆ ಹಾಗೂ ಕೆಂಪು ಮಸಾರಿ ಎರಡೂ ಬಗೆಯ ನೆಲವುಳ್ಳ ಈ ತಾಲ್ಲೂಕು ಮೂಲತಃ ಮಳೆಯಾಶ್ರಯದ ಸೀಮೆ; ಜೋಳ, ಹತ್ತಿ, ಶೇಂಗಾ ಮತ್ತು ಕಾಳುಗಳ ಸೀಮೆ. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ನಿರ್ಮಾಣವಾಗಿ, 1960ರ ದಶಕದಿಂದ ಬಲದಂಡೆ ಕಾಲುವೆಯ ನೀರು ದಾವಣಗೆರೆ, ಹರಿಹರ ತಾಲ್ಲೂಕುಗಳಿಗೆ ಹರಿದ ನಂತರ ನೀರು ತಲುಪಿದ ಹೊಲಗಳು ಗದ್ದೆಗಳಾದವು. ನೆರೆಯ ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆ ಬಂದು ಕಬ್ಬು ಸೇರಿತು. ಈಚಿನ ದಶಕಗಳಲ್ಲಿ ನೀರು ಸಿಗದ ಹೊಲಗಳನ್ನು ಮೆಕ್ಕೆಜೋಳವೂ, ನೀರು ಸಿಗುವ ಹೊಲಗಳನ್ನು ಅಡಿಕೆಯೂ ಆಕ್ರಮಿಸುತ್ತಿವೆ. ಭತ್ತ, ಕಬ್ಬು, ಮೆಕ್ಕೆಜೋಳ, ಅಡಿಕೆ ಈ ನಾಲ್ಕರಲ್ಲಿ ಯಾವುದೂ ಬೇರಿನಲ್ಲಿ ಗಂಟು ಕಟ್ಟುವ ಸಸ್ಯವಲ್ಲ ಎಂಬುದನ್ನು ಮುಂದಿನ ಚರ್ಚೆಗೆ ಗಮನದಲ್ಲಿಡಬೇಕು.

ಬಯಲುಸೀಮೆಯ ಒಕ್ಕಲುಮಕ್ಕಳು ಮಣ್ಣಿನ ಫಲವತ್ತತೆಯನ್ನು ‘ಕಸುವು’ ಎಂಬ ಪದದಿಂದ ಗುರುತಿಸುತ್ತಾರೆ. ಒಂದೇ ಬೆಳೆಯನ್ನು ಮೇಲಿಂದ ಮೇಲೆ ಬೆಳೆದರೆ ಹೊಲ ದಣಿಯುತ್ತದೆ; ಕಾಳು ಬೆಳೆದ ಹೊಲದಲ್ಲಿ ಮರುವರ್ಷ ಜೋಳ ಚೆನ್ನಾಗಿ ಬರುತ್ತದೆ. ಇದು ಫಲಿತಾಂಶದ ಜ್ಞಾನ, ಕಾರಣದ ಜ್ಞಾನವಲ್ಲ. ಈ ವ್ಯತ್ಯಾಸವನ್ನು ಮರೆತು ನಮ್ಮ ಹಿರಿಯರಿಗೆ ಸೂಕ್ಷ್ಮಾಣುಗಳ ಅರಿವಿತ್ತೆಂದು ಸಾಧಿಸಹೊರಡುವ ಉತ್ಸಾಹ ಕೆಲವು ಬರಹಗಳಲ್ಲಿ ಕಾಣುತ್ತದೆ. ಅದು ಜನಪದರಿಗೆ ಗೌರವ ತರುವ ಮಾರ್ಗವಲ್ಲ. ಯೂರೋಪಿನ ರೈತನಿಗೂ ಕಾರಣ ತಿಳಿದಿರಲಿಲ್ಲ. ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಅವರು 1886–88ರ ಅವಧಿಯಲ್ಲಿ ದ್ವಿದಳ ಸಸ್ಯಗಳ ಬೇರುಗಂಟಿಗೂ ಗಾಳಿಯ ಸಾರಜನಕಕ್ಕೂ ಇರುವ ನಂಟನ್ನು ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿದ. ಅದನ್ನು ಇಂದು ರೈಜೋಬಿಯಂ ಎಂಬ ಸಾಮಾನ್ಯ ಹೆಸರಿನಿಂದ ಕರೆಯಲಾಗುತ್ತದೆ.

ಇಲ್ಲಿ ಪದದ ಬಗ್ಗೆ ಒಂದು ಮಾತು. ಫ್ರಾನ್ಸಿನ ಲವಾಸಿಯೆ ಈ ಅನಿಲವನ್ನು ನಿರ್ಜೀವ ಎಂಬರ್ಥದ ‘ಅಜೋಟ್’ ಎಂದು ಕರೆದ. ಅನಂತರ ಪ್ರಚಾರಕ್ಕೆ ಬಂದ ‘ನೈಟ್ರೋಜನ್’ ಎಂಬುದಕ್ಕೆ ಪೆಟ್ಲುಪ್ಪಿನ ಜನಕ ಎಂದರ್ಥ. ಕನ್ನಡದಲ್ಲಿ ಬಳಕೆಗೆ ಬಂದ ‘ಸಾರಜನಕ’ವು ಈ ಎರಡನ್ನೂ ಬಿಟ್ಟು ಮಣ್ಣಿನ ಸಾರದ ಕಡೆಗೆ ತಿರುಗಿದೆ. ಪಾರಿಭಾಷಿಕ ಪದಗಳು ಆಡುಮಾತಿನಿಂದ ದೂರ ಸರಿದಿವೆ ಎಂಬ ಆಕ್ಷೇಪಕ್ಕೆ ಈ ಪದ ಒಂದು ಅಪವಾದ. ಹೊಲದ ‘ಸಾರ’ ತೀರಿದೆ ಎನ್ನುವ ರೈತನಿಗೆ ಇದು ಅಪರಿಚಿತವೆನಿಸದು.

ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದೆ. ಒಂದು ಎಕರೆ ಹೊಲದ ಮೇಲೆ ನಿಂತಿರುವ ವಾಯುಸ್ತಂಭದಲ್ಲಿ ಸುಮಾರು 30,000 ಟನ್ನಿನಷ್ಟು ಸಾರಜನಕ ಇರುತ್ತದೆ. ಅದೇ ಎಕರೆಯ ಜೋಳ ಕೆಲವು ಕಿಲೊ ಸಾರಜನಕ ಸಾಲದೆ ಎಲೆ ಹಳದಿಗಟ್ಟಿ ನಿಲ್ಲುವುದುಂಟು. ಗಾಳಿಯಲ್ಲಿ ಸಾರಜನಕದ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದಕ್ಕೊಂದು ಬಿಗಿದುಕೊಂಡಿರುವುದೇ ಇದಕ್ಕೆ ಕಾರಣ. ಈ ಬಿಗಿತವನ್ನು ಬಿಡಿಸಿ ಜಲಜನಕದೊಡನೆ ಕೂಡಿಸಿದಾಗ ಅಮೋನಿಯ ದೊರೆಯುತ್ತದೆ. ಅಮೋನಿಯದಿಂದಾಚೆಗೆ ಸಸ್ಯವು ತನಗೆ ಬೇಕಾದ ಅಮೈನೊ ಆಮ್ಲಗಳನ್ನೂ ಪ್ರೋಟೀನುಗಳನ್ನೂ ತಾನೇ ಕಟ್ಟಿಕೊಳ್ಳಬಲ್ಲದು. ಬಂಧವನ್ನು ಬಿಡಿಸುವ ಮೊದಲ ಹೆಜ್ಜೆ ಮಾತ್ರ ಯಾವ ಸಸ್ಯಕ್ಕೂ ಪ್ರಾಣಿಗೂ ಸ್ವತಃ ಸಾಧ್ಯವಿಲ್ಲ. ಕೆಲವು ಬ್ಯಾಕ್ಟೀರಿಯಗಳು ಮತ್ತು ಆರ್ಕಿಯಗಳೆಂಬ ಅವುಗಳಂಥ ಸೂಕ್ಷ್ಮಜೀವಿಗಳು ಮಾತ್ರ ಅದನ್ನು ಬಲ್ಲವು. ಸಮುದ್ರದ ಒಂದು ಶೈವಲದಲ್ಲಿ ಇಂಥ ಬ್ಯಾಕ್ಟೀರಿಯವು ಜೀವಕೋಶದ ಅಂಗವೇ ಆಗಿಹೋಗಿರುವುದು 2024ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಕೆಲಸ ಮಾಡುವುದು ಮೂಲತಃ ಬ್ಯಾಕ್ಟೀರಿಯದ ಕಿಣ್ವವೇ.

ಆ ಕಿಣ್ವದ ಹೆಸರು ನೈಟ್ರೋಜನೇಸ್. ಇದು ಒಂದೇ ಪ್ರೋಟೀನಲ್ಲ, ಎರಡರ ಜೋಡಿ. ಮೊದಲನೆಯದು ಕಬ್ಬಿಣದ ಪ್ರೋಟೀನು. ಇದರ ಕೆಲಸ ಎಲೆಕ್ಟ್ರಾನುಗಳನ್ನು ಹೊತ್ತು ತಂದು ಕೊಡುವುದು. ಎರಡನೆಯದು ಕಬ್ಬಿಣ ಮತ್ತು ಮಾಲಿಬ್ಡಿನಂ ಎರಡನ್ನೂ ಒಳಗೊಂಡ ದೊಡ್ಡ ಪ್ರೋಟೀನು; ಸಾರಜನಕದ ಅಣು ಬಂದು ಕೂರುವುದು ಇದರಲ್ಲಿ. ಕೂರುವ ಸ್ಥಳವು ಏಳು ಕಬ್ಬಿಣ, ಒಂಬತ್ತು ಗಂಧಕ, ಒಂದು ಮಾಲಿಬ್ಡಿನಂ ಪರಮಾಣುಗಳು ಸೇರಿದ ಒಂದು ಗುಚ್ಛ. ಅದರ ಒಟ್ಟು ವಿನ್ಯಾಸವು 1992ರಲ್ಲಿ ಅಮೆರಿಕದ ಡಗ್ಲಸ್ ರೀಸ್ ಅವರ ತಂಡದ ಸ್ಫಟಿಕ ಅಧ್ಯಯನದಿಂದ ಗೋಚರಿಸಿತು. ಗುಚ್ಛದ ನಟ್ಟನಡುವೆ ಇರುವುದು ಒಂದು ಇಂಗಾಲದ ಪರಮಾಣು ಎಂಬುದು ಖಚಿತವಾಗಲು 2011ರವರೆಗೆ ಕಾಯಬೇಕಾಯಿತು. ಮಾಲಿಬ್ಡಿನಂ ಬದಲಿಗೆ ವನೇಡಿಯಂ ಅಥವಾ ಕಬ್ಬಿಣವನ್ನೇ ಬಳಸುವ ಕಿಣ್ವಗಳೂ ಕೆಲವು ಬ್ಯಾಕ್ಟೀರಿಯಗಳಲ್ಲಿವೆ. ಅವು ಇದರಷ್ಟು ಸಮರ್ಥವಲ್ಲ.

ಕಿಣ್ವದ ಕಾರ್ಯವಿಧಾನ ಹೀಗಿದೆ. ಕಬ್ಬಿಣದ ಪ್ರೋಟೀನು ಒಂದು ಎಲೆಕ್ಟ್ರಾನನ್ನು ಹೊತ್ತು ಬಂದು ದೊಡ್ಡ ಪ್ರೋಟೀನಿಗೆ ಅಂಟಿಕೊಂಡು, ಅದನ್ನು ಒಪ್ಪಿಸಿ, ಕಳಚಿಕೊಂಡು ಹೋಗುತ್ತದೆ; ಮತ್ತೆ ಒಂದನ್ನು ಹೊತ್ತು ಬರುತ್ತದೆ. ಪ್ರತಿ ಸರದಿಗೂ ಜೀವಕೋಶದ ಶಕ್ತಿನಾಣ್ಯವಾದ ಎಟಿಪಿಯ ಎರಡು ಅಣುಗಳು ವ್ಯಯವಾಗುತ್ತವೆ. ಒಂದು ಸಾರಜನಕ ಅಣುವಿನಿಂದ ಎರಡು ಅಮೋನಿಯ ಅಣುಗಳು ದೊರೆಯಬೇಕಾದರೆ ಇಂಥ ಎಂಟು ಸರದಿಗಳು, ಹದಿನಾರು ಎಟಿಪಿಗಳು ಬೇಕು. ಎಂಟು ಎಲೆಕ್ಟ್ರಾನುಗಳಲ್ಲಿ ಆರು ಅಮೋನಿಯಕ್ಕೆ ಸಲ್ಲುತ್ತವೆ. ಉಳಿದ ಎರಡು ಜಲಜನಕ ಅನಿಲವಾಗಿ ಹೊರಬೀಳುತ್ತವೆ. ಮೇಲ್ನೋಟಕ್ಕೆ ಇದು ಪೋಲು. ಆದರೆ ನಾಲ್ಕು ಎಲೆಕ್ಟ್ರಾನುಗಳು ಗುಚ್ಛದಲ್ಲಿ ಕೂಡಿದ ಮೇಲೆ ಜಲಜನಕ ಹೊರಟ ಜಾಗಕ್ಕೇ ಸಾರಜನಕ ಬಂದು ಕೂರುವುದರಿಂದ ಆ ವ್ಯಯ ಅನಿವಾರ್ಯವೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಇಷ್ಟೆಲ್ಲ ಆಗಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿ ಕೆಲಸ ಮುಗಿಸುವ ಕಿಣ್ವಗಳ ನಡುವೆ ಇದು ಬಹಳ ನಿಧಾನದ್ದು. ಆದ್ದರಿಂದ ಬ್ಯಾಕ್ಟೀರಿಯವು ಇದನ್ನು ಹೇರಳವಾಗಿ ತಯಾರಿಸಿ ಇಟ್ಟುಕೊಳ್ಳಬೇಕಾಗುತ್ತದೆ.

ಈ ಕಿಣ್ವಕ್ಕೆ ಇರುವ ದೊಡ್ಡ ಶತ್ರು ಆಮ್ಲಜನಕ. ಆಮ್ಲಜನಕ ತಾಕಿದರೆ ಅದು ಕೆಡುತ್ತದೆ, ಕೆಟ್ಟದ್ದು ಮರಳಿ ಸರಿಹೋಗುವುದಿಲ್ಲ. ಆದರೆ ಅಷ್ಟೊಂದು ಎಟಿಪಿಯನ್ನು ಒದಗಿಸಲು ಬ್ಯಾಕ್ಟೀರಿಯ ಉಸಿರಾಡಬೇಕು. ಉಸಿರಾಟಕ್ಕೆ ಆಮ್ಲಜನಕವೇ ಬೇಕು. ಈ ಇಕ್ಕಟ್ಟಿಗೆ ಬೇರಿನ ಗಂಟು ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಗಂಟಿನ ಹೊರಪದರವು ಗಾಳಿ ಸಲೀಸಾಗಿ ನುಗ್ಗದಂತೆ ತಡೆಯುತ್ತದೆ. ಒಳಗಡೆ ಸಸ್ಯವು ಲೆಗ್‌ಹಿಮೋಗ್ಲೋಬಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ನಿಗೆ ಇದು ದಾಯಾದಿ. ಆಮ್ಲಜನಕವನ್ನು ಬಿಡಿಯಾಗಿ ಅಲೆಯಲು ಬಿಡದೆ ಹಿಡಿದುಕೊಂಡು, ಬ್ಯಾಕ್ಟೀರಿಯಕ್ಕೆ ಬೇಕಾದಷ್ಟನ್ನು ಮಾತ್ರ ಅಳೆದು ಕೊಡುವುದು ಇದರ ಕೆಲಸ. ತೊಗರಿಯ ಬೇರಿನ ಬಲಿತ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಕಾಣುವ ನಸುಗೆಂಪು ಇದರದೇ ಬಣ್ಣ. ಒಳಗೆ ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿಯಾಗಿದ್ದರೆ ಇನ್ನೂ ಆರಂಭವಾಗಿಲ್ಲ ಅಥವಾ ನಿಷ್ಫಲವಾಗಿದೆ. ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಆಯುಷ್ಯ ಮುಗಿದಿದೆ.

ಗಂಟಿಗೆ ಗಾಳಿ ಹೆಚ್ಚಾದರೂ ಕೇಡು, ತೀರ ಇಲ್ಲವಾದರೂ ಕೇಡು. ನೀರು ನಿಂತ ಹೊಲದಲ್ಲಿ ತೊಗರಿ ಹಳದಿಯಾಗುವುದಕ್ಕೆ ಬೇರು ಕೊಳೆಯುವುದರ ಜೊತೆಗೆ ಗಂಟಿನ ಉಸಿರು ಕಟ್ಟುವುದೂ ಕಾರಣ. ಮಣ್ಣಿನಲ್ಲಿ ತೇವ ಮತ್ತು ಗಾಳಿ ಎರಡೂ ಸಮನಾಗಿ ಕೂಡಿದ ಸ್ಥಿತಿಗೆ ರೈತರು ‘ಹದ’ ಎನ್ನುತ್ತಾರೆ. ಹದ ನೋಡಿ ಬಿತ್ತುವುದು, ಹದವಿದ್ದಾಗ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಸಡಿಲಿಸುವುದು ಬೀಜದ ಮೊಳಕೆಗೂ ಕಳೆಯ ನಿವಾರಣೆಗೂ ಮಾಡುವ ಕೆಲಸಗಳು. ಅವುಗಳಿಂದ ಬೇರುಗಂಟಿಗೂ ಅನುಕೂಲವಾಗುತ್ತದೆ. ಊರಿನ ಹೆಸರಿನಲ್ಲಿ ಕೇಳಿಸುವ ‘ಹದ’ವನ್ನು ಇದಕ್ಕೆ ತಳುಕು ಹಾಕುವ ಆಸೆ ಸಹಜವಾದರೂ, ಧ್ವನಿಸಾಮ್ಯವನ್ನು ಸ್ಥಳನಾಮದ ನಿರುಕ್ತಿಯಾಗಿ ಹಿಗ್ಗಿಸುವುದು ಸಲ್ಲದು.

ಗಂಟು ಬ್ಯಾಕ್ಟೀರಿಯದ ಮನೆಯಾದರೂ ಅದರ ಖರ್ಚು ಸಸ್ಯದ್ದು. ಎಲೆಯಲ್ಲಿ ತಯಾರಾದ ಸಕ್ಕರೆಯ ಗಣನೀಯ ಪಾಲು ಗಂಟಿಗೆ ಇಳಿಯುತ್ತದೆ. ಪ್ರತಿಯಾಗಿ ಅಮೋನಿಯ ಮೇಲೇರುತ್ತದೆ. ಈ ಕೊಡುಕೊಳ್ಳುವಿಕೆಗೆ ಎರಡೂ ಕಡೆಯವರು ಮೊದಲು ಪರಸ್ಪರ ಗುರುತು ಹಿಡಿಯಬೇಕು. ಬೇರು ಹೊರಸೂಸುವ ಕೆಲವು ರಾಸಾಯನಿಕಗಳನ್ನು ಬ್ಯಾಕ್ಟೀರಿಯ ಗುರುತಿಸಿ, ತನ್ನದೊಂದು ರಾಸಾಯನಿಕ ಸಂಕೇತವನ್ನು ಮರಳಿ ಕಳಿಸಿದ ಮೇಲೆ ಬೇರು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎಲ್ಲ ಬ್ಯಾಕ್ಟೀರಿಯಗಳೂ ಎಲ್ಲ ಬೇರುಗಳಿಗೂ ಒಗ್ಗುವುದಿಲ್ಲ. ಕಡಲೆಗೆ ತನ್ನದೇ ಆದ ಬಳಗ ಬೇಕು, ಹೊರಗಿನಿಂದ ಬಂದ ಸೋಯಾ ಅವರೆಗೆ ಬೇರೆಯದೇ ಬೇಕು. ಆದರೆ ತೊಗರಿ, ಅವರೆ, ಅಲಸಂದೆ, ಹೆಸರು, ಉದ್ದು, ಹುರುಳಿ, ಶೇಂಗಾ, ಸೆಣಬು ಇವುಗಳೆಲ್ಲ ಅಲಸಂದೆ ಬಳಗವೆಂದು ಕರೆಯಲಾಗುವ ಒಂದೇ ಗುಂಪಿನ ಬ್ಯಾಕ್ಟೀರಿಯಗಳಿಂದ ಗಂಟು ಕಟ್ಟಿಕೊಳ್ಳಬಲ್ಲವು.

ಅಕ್ಕಡಿ ಪದ್ಧತಿಯ ಅಧ್ಯಯನಕ್ಕೆ ಈ ಅಂಶ ಬಹಳ ಮುಖ್ಯ. ಜೋಳದ ಕೆಲವು ಸಾಲುಗಳಿಗೆ ಒಂದರಂತೆ ಕಾಳಿನ ಸಾಲು ಹಾಕುವುದು ಅಕ್ಕಡಿ. ಕೂರಿಗೆಯ ಹಿಂದೆ ಹಗ್ಗಕ್ಕೆ ಕಟ್ಟಿದ ಒಂಟಿ ಬಿದಿರ ಕೊಳವೆಯನ್ನು ಹಿಡಿದು, ಮಡಿಲಿನ ಬೀಜವನ್ನು ಬೆರಳಿನಿಂದ ಬಿಡುತ್ತ ನಡೆಯುವ ಈ ಕೆಲಸ ಸಾಮಾನ್ಯವಾಗಿ ಹೆಂಗಸರದು. ಯಾವ ಕಾಳು, ಎಷ್ಟು ಪ್ರಮಾಣ, ಯಾವುದರೊಡನೆ ಯಾವುದು ಎಂಬ ತೀರ್ಮಾನದಲ್ಲಿ ಅಡುಗೆಮನೆಯ ಅಗತ್ಯಕ್ಕೆ ದೊಡ್ಡ ಪಾಲಿತ್ತು. ಈ ವರ್ಷ ತೊಗರಿ, ಮುಂದಿನ ವರ್ಷ ಅವರೆ, ನಡುವೆ ಹಿಡಿಯಷ್ಟು ಅಲಸಂದೆ ಎಂದು ಬದಲಾಯಿಸುತ್ತ ಹೋದರೂ ನೆಲದೊಳಗಿನ ಬಳಗ ಬದಲಾಗುತ್ತಿರಲಿಲ್ಲ. ಒಂದು ಕಾಳು ಉಳಿಸಿಹೋದ ಬ್ಯಾಕ್ಟೀರಿಯ ಮತ್ತೊಂದಕ್ಕೆ ಒದಗುತ್ತಿತ್ತು. ಬಯಲುಸೀಮೆಯ ಬೇಸಾಯದಲ್ಲಿ ಬೀಜಕ್ಕೆ ಬೂದಿ, ಸಗಣಿ, ಕೆಮ್ಮಣ್ಣುಗಳ ಲೇಪನವಿದೆ. ಆದರೆ ಅವು ಹುಳುವಿನಿಂದ ಬೀಜವನ್ನು ಕಾಪಾಡುವ ಉದ್ದೇಶದವು. ಬ್ಯಾಕ್ಟೀರಿಯವನ್ನು ಹೊಲಕ್ಕೆ ಕೊಂಡೊಯ್ಯುವ ಪ್ರತ್ಯೇಕ ಸಂಪ್ರದಾಯ ಇಲ್ಲಿ ಅಗತ್ಯವಾಗದಿರಲು ಈ ಸಮಾನ ಬಳಗವೇ ಕಾರಣವೆಂದು ತರ್ಕಿಸಬಹುದು.

ಕಾಳು ಬೆಳೆದ ಮಾತ್ರಕ್ಕೆ ಹೊಲಕ್ಕೆ ಕಸುವು ಬರುತ್ತದೆಯೆ? ಇಲ್ಲಿ ವಿದ್ವತ್ ಬರಹಗಳೂ ಪ್ರಚಾರ ಪತ್ರಗಳೂ ಅವಸರ ಮಾಡುತ್ತವೆ. ಗಂಟು ಗಳಿಸಿದ ಸಾರಜನಕ ನೇರವಾಗಿ ಮಣ್ಣಿಗೆ ಸುರಿಯುವುದಿಲ್ಲ. ಬಹುಪಾಲು ಗಿಡದೊಳಗೆ ಸೇರಿ, ಕಾಳು ಕಟ್ಟುವಾಗ ಕಾಳಿಗೆ ಹೋಗುತ್ತದೆ. ಕಾಳಿನೊಂದಿಗೆ ಅದು ಹಗೇವಿಗೂ ಸಂತೆಗೂ ಸಾಗುತ್ತದೆ. ಹೊಲಕ್ಕೆ ಉಳಿಯುವುದು ಉದುರಿದ ಎಲೆ, ನೆಲದಲ್ಲಿ ಉಳಿದ ಬೇರು ಮತ್ತು ಗಂಟು ಕೊಳೆತಾಗ ಬಿಡುಗಡೆಯಾಗುವ ಪಾಲು. ಆದ್ದರಿಂದ ಬೆಳೆಯನ್ನು ಕೀಳುತ್ತಾರೆಯೆ ಅಥವಾ ಕೊಯ್ಯುತ್ತಾರೆಯೆ ಎಂಬ ಸಾಮಾನ್ಯ ಸಂಗತಿ ನಿರ್ಣಾಯಕವಾಗುತ್ತದೆ. ತೊಗರಿಯನ್ನು ಬುಡಕ್ಕೆ ಕೊಯ್ದಾಗ ಆಳಕ್ಕಿಳಿದ ಬೇರು ನೆಲದಲ್ಲೇ ಉಳಿಯುತ್ತದೆ. ಅದರ ಎಲೆಗಳು ತಿಂಗಳುಗಟ್ಟಲೆ ಸಾಲಿನ ಮೇಲೆ ಉದುರಿರುತ್ತವೆ. ಹುರುಳಿಯನ್ನು ಬೇರುಸಹಿತ ಕಿತ್ತು ಕಣಕ್ಕೆ ಸಾಗಿಸುತ್ತಾರೆ. ಹೊಟ್ಟು ದನದ ಮೇವಾಗುತ್ತದೆ. ಶೇಂಗಾವನ್ನು ಕೀಳದೆ ವಿಧಿಯಿಲ್ಲ. ಹುರುಳಿ ಹೊಟ್ಟು ತಿಂದ ದನದ ಗೊಬ್ಬರ ಅದೇ ಹೊಲಕ್ಕೆ ಮರಳಿದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ. ಹೀಗೆ ‘ಕಾಳಿನ ಕಸುವು’ ಎಂಬುದು ಬೇರು, ಎಲೆ, ಎತ್ತು, ತಿಪ್ಪೆ ಎಲ್ಲವನ್ನೂ ಒಳಗೊಂಡ ವ್ಯವಸ್ಥೆಯ ಫಲ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮನೆಯಲ್ಲಿ ಅದೇ ಹುರುಳಿ ಹೊಲವನ್ನು ಬಡವಾಗಿಸಬಹುದು.

ಇದೇ ಅಮೋನಿಯವನ್ನು ಕಾರ್ಖಾನೆಯಲ್ಲಿ ತಯಾರಿಸುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿಕೊಟ್ಟ. ಕಾರ್ಲ್ ಬಾಷ್ ಅದನ್ನು ಬೃಹತ್ ಪ್ರಮಾಣಕ್ಕೆ ಏರಿಸಿ, 1913ರಲ್ಲಿ ಓಪ್ಪೌನಲ್ಲಿ ಉತ್ಪಾದನೆ ಆರಂಭವಾಯಿತು. ಬೇರಿನ ಗಂಟು ಮಣ್ಣಿನ ಸಾಮಾನ್ಯ ಉಷ್ಣತೆಯಲ್ಲಿ ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಅಲ್ಲಿ 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ವಾತಾವರಣದ ನೂರಾರು ಪಟ್ಟು ಒತ್ತಡ ಮತ್ತು ಕಬ್ಬಿಣದ ಕ್ರಿಯಾವರ್ಧಕ ಬೇಕು. ಮೈಸೂರು ಸಂಸ್ಥಾನಕ್ಕೆ ಈ ಎರಡೂ ಧಾರೆಗಳ ಪರಿಚಯ ಬೇಗನೆ ಆಯಿತು. ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್‌ಮನ್ ಮಣ್ಣಿನ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಕ್ರಿಯೆಯ ಕುರಿತು 1908ರಲ್ಲಿ ಜರ್ಮನ್ ಭಾಷೆಯಲ್ಲಿ ಸಂಶೋಧನೆ ಪ್ರಕಟಿಸಿದ್ದ ವಿದ್ವಾಂಸ. ಭಾರತದಲ್ಲಿ ಕೃತಕ ಅಮೋನಿಯ ತಯಾರಿಸಿದ ಮೊದಮೊದಲ ಕಾರ್ಖಾನೆಗಳಲ್ಲೊಂದು 1940ರ ಸುಮಾರಿಗೆ ಮೈಸೂರಿನ ಸಮೀಪದ ಬೆಳಗೊಳದಲ್ಲಿ ತಲೆಯೆತ್ತಿತು. 1970ರ ದಶಕದಲ್ಲಿ ಮಂಗಳೂರಿನಲ್ಲಿಯೂ ಯೂರಿಯಾ ಉತ್ಪಾದನೆ ಆರಂಭವಾಯಿತು.

ಭದ್ರಾ ಕಾಲುವೆಯ ನೀರು ಮತ್ತು ಯೂರಿಯಾ ಚೀಲ ದಾವಣಗೆರೆ ಸೀಮೆಗೆ ಹೆಚ್ಚುಕಡಿಮೆ ಜೊತೆಯಾಗಿಯೇ ಬಂದವು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಹಿಂದೆ 50 ಕಿಲೊ ತೂಗುತ್ತಿದ್ದ ಚೀಲ 2018ರಿಂದ 45 ಕಿಲೊಗೆ ಇಳಿದಿದೆ, ಅಂದರೆ ಒಂದು ಚೀಲದಲ್ಲಿ ಸುಮಾರು 20 ಕಿಲೊ ಸಾರಜನಕ. ಹಸಿದ ನಾಡಿಗೆ ಅದು ಅನ್ನ ಕೊಟ್ಟಿದೆ. ಅದನ್ನು ವಿಷವೆಂದು ಜರೆಯುವ ಭಾಷೆ ಈ ಚರ್ಚೆಗೆ ಉಪಯುಕ್ತವಲ್ಲ. ಗಮನಿಸಬೇಕಾದುದು ಕಿಣ್ವದ ಇನ್ನೊಂದು ಗುಣವನ್ನು. ಸುತ್ತಲೂ ಅಮೋನಿಯ ಅಥವಾ ನೈಟ್ರೇಟು ಸುಲಭವಾಗಿ ಸಿಗುವಾಗ ಇಷ್ಟು ದುಬಾರಿಯ ಕಿಣ್ವವನ್ನು ತಯಾರಿಸುವ ಅಗತ್ಯ ಉಳಿಯುವುದಿಲ್ಲ. ಸ್ವತಂತ್ರವಾಗಿ ಬಾಳುವ ಬ್ಯಾಕ್ಟೀರಿಯಗಳು ನೈಟ್ರೋಜನೇಸ್‌ನ ವಂಶವಾಹಿಗಳನ್ನೇ ಸುಮ್ಮನಾಗಿಸುತ್ತವೆ. ದ್ವಿದಳ ಸಸ್ಯವೂ ನೈಟ್ರೇಟು ಹೆಚ್ಚಿರುವ ಮಣ್ಣಿನಲ್ಲಿ ಗಂಟುಗಳನ್ನು ಕಡಿಮೆ ಕಟ್ಟುತ್ತದೆ. ಹೊರಗಿನ ಗೊಬ್ಬರವು ಒಳಗಿನ ಗಳಿಕೆಗೆ ಪೂರಕವಾಗಿ ಕೂಡಿಕೊಳ್ಳುವುದಿಲ್ಲ, ಅದನ್ನು ನಿಲ್ಲಿಸುತ್ತದೆ.

ಭತ್ತದ ಗದ್ದೆಯಲ್ಲಿ ಇದು ಇನ್ನಷ್ಟು ಸ್ಪಷ್ಟ. ನಿಂತ ನೀರಿನ ಮೇಲೆ ಕಟ್ಟುವ ಪಾಚಿಯನ್ನು ರೈತರು ಸಾಮಾನ್ಯವಾಗಿ ಉಪದ್ರವವೆಂದೇ ಎಣಿಸುತ್ತಾರೆ. ಅದರಲ್ಲಿ ಹಸಿರು ಶೈವಲಗಳ ಜೊತೆಗೆ ನೀಲಿಹಸಿರು ಪಾಚಿ ಎಂದು ಕರೆಯುವ ಬ್ಯಾಕ್ಟೀರಿಯಗಳೂ ಇರುತ್ತವೆ. ಗೊಬ್ಬರವಿಲ್ಲದ ಗದ್ದೆಗಳೂ ವರ್ಷಾನುವರ್ಷ ಒಂದು ಮಟ್ಟದ ಇಳುವರಿ ಕೊಡುತ್ತಿರುವುದಕ್ಕೆ ಇವೇ ಮುಖ್ಯ ಕಾರಣವೆಂದು ಬಂಗಾಳದ ಪಿ. ಕೆ. ಡೇ 1939ರಲ್ಲಿ ಪ್ರತಿಪಾದಿಸಿದರು. ಇವು ಸೂರ್ಯನ ಬೆಳಕಿನಿಂದ ತಾವೇ ಆಹಾರ ತಯಾರಿಸುತ್ತವೆ. ಆಗ ಆಮ್ಲಜನಕ ಹೊರಬರುತ್ತದೆ. ಆಮ್ಲಜನಕ ಕಿಣ್ವಕ್ಕೆ ಮಾರಕ. ಆದ್ದರಿಂದ ಮಣಿಸರದಂತಿರುವ ಎಳೆಯಲ್ಲಿ ಅಲ್ಲಲ್ಲಿ ಒಂದೊಂದು ಕೋಶ ಆಹಾರ ತಯಾರಿಕೆಯನ್ನು ಭಾಗಶಃ ತ್ಯಜಿಸಿ, ದಪ್ಪ ಗೋಡೆ ಕಟ್ಟಿಕೊಂಡು, ಸಾರಜನಕದ ಕೆಲಸಕ್ಕೆ ಮೀಸಲಾಗುತ್ತದೆ. ನೆರೆಯ ಕೋಶಗಳು ಅದಕ್ಕೆ ಸಕ್ಕರೆ ಉಣಿಸುತ್ತವೆ. ಅಜೋಲ್ಲಾ ಎಂಬ ತೇಲುವ ಸಣ್ಣ ಜರೀಗಿಡದ ಎಲೆಯ ಪೊಟರೆಯಲ್ಲಿ ವಾಸಿಸುವುದೂ ಇದೇ ಬಗೆಯ ಜೀವಿ. ಪ್ರಶಸ್ತ ಸ್ಥಿತಿಯಲ್ಲಿ ಒಂದು ಬೆಳೆಯ ಅವಧಿಗೆ ಹೆಕ್ಟೇರಿಗೆ 20–30 ಕಿಲೊ ಸಾರಜನಕ ಈ ಪಾಚಿಗಳಿಂದ ದೊರೆಯಬಹುದೆಂದು ಅಂದಾಜಿಸಲಾಗಿದೆ. ಗದ್ದೆಗೆ ಯೂರಿಯಾ ಎರಚಿದಾಗ ಆ ಮೀಸಲು ಕೋಶಗಳು ಮೂಡುವುದು ನಿಲ್ಲುತ್ತದೆ. ಪಾಚಿ ಮಾತ್ರ ಹಾಗೆಯೇ ಹಬ್ಬುತ್ತದೆ. ರೈತನ ಕಣ್ಣಿಗೆ ಅದು ನಿರುಪಯುಕ್ತವಾಗಿ ಕಾಣುವುದರಲ್ಲಿ ತಪ್ಪೇನೂ ಇಲ್ಲ.

ಅಕ್ಕಡಿಯ ಹಿಮ್ಮೆಟ್ಟುವಿಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಜೋಳದ ಹೊಲ ಗದ್ದೆಯಾದಾಗ ಅಕ್ಕಡಿ ಸಾಲಿಗೆ ಸ್ಥಳವಿರಲಿಲ್ಲ. ಬದುವಿನ ಮೇಲಿನ ತೊಗರಿ, ಅಲಸಂದೆಗಳಷ್ಟೇ ಉಳಿದವು. ಮೆಕ್ಕೆಜೋಳದ ಹೊಲದಲ್ಲಿ ಸ್ಥಳವಿದ್ದರೂ ಕಳೆನಾಶಕದ ಬಳಕೆ, ಯಂತ್ರದ ಬಿತ್ತನೆ, ಒಂದೇ ಸಲದ ಕಟಾವು ಕಾಳಿನ ಸಾಲಿಗೆ ಅಡ್ಡಿಯಾಗುತ್ತವೆ. ಮೆಕ್ಕೆಜೋಳದ ನಡುವೆ ತೊಗರಿ ಹಾಕುವಂತೆ ಕೃಷಿ ವಿಸ್ತರಣೆಯವರು ಶಿಫಾರಸು ಮಾಡುತ್ತಾರೆ. ಶಿಫಾರಸಿನ ಪರಿಭಾಷೆಯಲ್ಲಿ ಅದು ‘ಅಂತರ ಬೆಳೆ’. ಸಾಲಿನ ಲೆಕ್ಕ ಅಲ್ಲಿ ಉಳಿದಿದೆ. ಬೀಜ ಬಿಡುವ ಹೆಣ್ಣಿನ ಕೈಯೂ, ಯಾವ ಕಾಳೆಂದು ತೀರ್ಮಾನಿಸುವ ಅವಳ ಅಧಿಕಾರವೂ ಅದರೊಂದಿಗೆ ಮರಳುತ್ತಿಲ್ಲ.

ಆಶ್ವಯುಜದ ಸೀಗೆ ಹುಣ್ಣಿಮೆಯಂದು ಪೈರು ತುಂಬಿದ ಭೂಮಿಯನ್ನು ಬಸುರಿಯೆಂದು ಭಾವಿಸಿ ಪೂಜಿಸಿ, ಬಗೆಬಗೆಯ ಅಡುಗೆಯನ್ನು ಹೊಲಕ್ಕೆ ಚರಗ ಚೆಲ್ಲುವುದು ಬಯಲುಸೀಮೆಯ ಪ್ರಸಿದ್ಧ ಆಚರಣೆ. ಆ ಅಡುಗೆಯಲ್ಲಿ ಕಾಳಿನ ಪದಾರ್ಥಗಳಿಗೆ ಪ್ರಮುಖ ಸ್ಥಾನವಿದೆ. ಕಾಳಿನ ಗಿಡ ಕಾಯಿ ಕಟ್ಟತೊಡಗಿದಾಗ ಸಕ್ಕರೆ ಕಾಯಿಯ ಕಡೆಗೆ ತಿರುಗಿ, ಬೇರುಗಂಟು ಕ್ರಮೇಣ ಬಳಲುತ್ತದೆ ಎಂಬುದು ಸಸ್ಯವಿಜ್ಞಾನದ ಸಂಗತಿ. ಬಸುರಿಗೆ ಉಣಿಸುವ ಆಚರಣೆಗೂ ಇದಕ್ಕೂ ಇರುವ ಹೋಲಿಕೆ ಆಕರ್ಷಕವಾಗಿದೆ. ಆದರೆ ಹೋಲಿಕೆಯನ್ನು ಪುರಾವೆಯೆಂದು ಭಾವಿಸಬಾರದು. ಆಚರಣೆಯಿಂದ ನಿಸ್ಸಂಶಯವಾಗಿ ತಿಳಿಯುವುದು ಇಷ್ಟು: ಹೊಲದಿಂದ ಪಡೆದದ್ದರಲ್ಲಿ ಒಂದು ಪಾಲನ್ನು ಹೊಲಕ್ಕೆ ಮರಳಿಸಬೇಕೆಂಬ ಭಾವನೆ ಆ ಸಮುದಾಯದಲ್ಲಿತ್ತು. ಇಂದು ಚರಗದ ಅಡುಗೆಗೆ ಬೇಕಾದ ಕಾಳನ್ನು ಅಂಗಡಿಯಿಂದ ತರುವ ಮನೆಗಳಿವೆ.

ಕ್ಷೇತ್ರಕಾರ್ಯ ಕೈಗೊಳ್ಳುವವರು ಒಂದು ಗೊಂದಲದ ಬಗ್ಗೆ ಎಚ್ಚರದಿಂದಿರಬೇಕು. ಜಂತುಹುಳುವಿನಿಂದ ಬರುವ ಬೇರುಗಂಟು ರೋಗಕ್ಕೂ ಆಡುಮಾತಿನಲ್ಲಿ ಗಂಟು ಎಂದೇ ಹೆಸರು. ಬ್ಯಾಕ್ಟೀರಿಯದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಬೆರಳಿನಿಂದ ಉಜ್ಜಿದರೆ ಕಳಚಿ ಬರುತ್ತದೆ. ರೋಗದ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಕಳಚುವುದಿಲ್ಲ, ಒಳಗೆ ಕೆಂಪು ಇರುವುದಿಲ್ಲ. ವಕ್ತೃ ‘ಗಂಟು’ ಎಂದಾಗ ಯಾವುದನ್ನು ಹೇಳುತ್ತಿದ್ದಾರೆಂದು ಗಿಡ ಕಿತ್ತು ನೋಡಿ ದೃಢಪಡಿಸಿಕೊಳ್ಳುವುದು ಒಳಿತು.

ಈಗ ರೈಜೋಬಿಯಂ ಪೊಟ್ಟಣಗಳು ರೈತರಿಗೆ ದೊರೆಯುತ್ತವೆ. ಬೆಲ್ಲದ ಅಂಟುನೀರಿನಲ್ಲಿ ಪುಡಿಯನ್ನು ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು. ಬಿಸಿಲಿಗೆ ಇಟ್ಟರೆ ಬ್ಯಾಕ್ಟೀರಿಯ ಸಾಯುತ್ತದೆ. ಪೊಟ್ಟಣದ ಮೇಲೆ ಬೆಳೆಯ ಹೆಸರು ನಮೂದಾಗಿರುತ್ತದೆ. ಸೋಯಾದ್ದು ತೊಗರಿಗೆ ಒಗ್ಗದು. ಬಿತ್ತಿದ ಆರೇಳು ವಾರಗಳ ನಂತರ, ಹೂವಿಗೆ ಮುಂಚೆ, ಮಣ್ಣು ಹದವಾಗಿರುವಾಗ ಗಿಡವನ್ನು ಜಗ್ಗದೆ ಸಲಿಕೆಯಿಂದ ಅಗೆದು ತೆಗೆದು, ಬೇರನ್ನು ನೀರಿನಲ್ಲಿ ಅಲುಗಿಸಿ ತೊಳೆದು, ಎರಡು ಮೂರು ಗಂಟುಗಳನ್ನು ಸೀಳಿ ನೋಡಿದರೆ ಲೇಪನ ಫಲಿಸಿತೇ ಎಂಬುದು ಅಲ್ಲಿಯೇ ತಿಳಿಯುತ್ತದೆ. ಜಗ್ಗಿ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಕಳಚಿ ಉಳಿಯುತ್ತವೆ. ಬರಿಯ ಬೇರು ಕೈಗೆ ಬರುತ್ತದೆ.